ಕಲಾಯಿಯವನ ಆಣೆ

ಬಾ ದ್ಯಾವಣ್ಣ, ಗೋಡೆಗೆ ಒರಗಿ ಕೂತುಕೋ. ನಾಚಿಕೆ ಬೇಡ, ಇಲ್ಲಿ ನೋಡುವವರು ಯಾರೂ ಇಲ್ಲ. "ನಲವತ್ತು ದಿನ ಬಿಟ್ಟಿದ್ದೆ ಅಜ್ಜಿ, ನಿನ್ನೆ ಮತ್ತೆ ಕುಡಿದೆ. ಆಣೆ ಮುರಿದ ಮೇಲೆ ಇನ್ನು ಬಿಟ್ಟು ಏನು ಬಂತು?" ಎಂದು ಕೇಳಿದೆಯಲ್ಲ, ಅದಕ್ಕೇ ಹೇಳುತ್ತೇನೆ, ಕೇಳು.

ಒಬ್ಬ ಕಲಾಯಿಯವನಿದ್ದ. ತಾಮ್ರದ ಪಾತ್ರೆಯ ಒಳಮೈಗೆ ತವರ ಹಚ್ಚುವುದು ಅವನ ಕಸುಬು. ಹೊತ್ತು ಮುಳುಗುವ ಮೊದಲೇ ಕುಡಿದು ಬೀಳುತ್ತಿದ್ದ. ಹೆಂಡತಿ ಅತ್ತಳು, ಬೈದಳು, ಕೊನೆಗೆ ಎರಡೂ ಬಿಟ್ಟಳು. ಅದಕ್ಕೆ ಹೆದರಿ ಅವನು ಕರ್ಪೂರ ಹಚ್ಚಿ, ಉರಿ ಮುಟ್ಟಿ ಆಣೆ ಮಾಡಿದ. ಆರು ತಿಂಗಳು ನಡೆದುಕೊಂಡ. ಯಾರದೋ ಬೀಗರೂಟದಲ್ಲಿ ಒಂದೇ ಲೋಟ ಕುಡಿದ. ಮರುದಿನ, ಆಣೆ ಹೇಗೂ ಹೋಯಿತಲ್ಲ ಎಂದು ಹೊಟ್ಟೆ ತುಂಬ ಕುಡಿದ. ತಿಂಗಳಿಡೀ ಹಾಗೇ.

ಹೆಂಡತಿ ಗಂಟು ಕಟ್ಟಿದಳು.

ಆ ಬೆಳಿಗ್ಗೆ ಒಬ್ಬ ಮುದುಕಿ ಸಾರಿನ ತಪ್ಪಲೆ ತಂದಳು.

"ಹೋದ ವರ್ಷ ನೀನೇ ಹಾಕಿದ ಕಲಾಯಿ. ಆಗಲೇ ಕಿಲುಬು ಬಂತು. ತಿಪ್ಪೆಗೆ ಎಸೆಯಲಾ?"

ಅವನಿಗೆ ರೇಗಿತು. "ತಪ್ಪಲೆ ಏನು ಮಾಡಿತಮ್ಮಾ? ದಿನಾ ಹುಳಿ ಕುದಿಸಿದರೆ ಕಲಾಯಿ ಸವೆಯುತ್ತೆ. ತಿಕ್ಕಬೇಕು, ಕಾಯಿಸಬೇಕು, ಮತ್ತೆ ಹಾಕಬೇಕು. ಒಂದೇ ಸಲಕ್ಕೆ ಮುಗಿಯೋ ಹಾಗಿದ್ದರೆ ನಾನ್ಯಾಕೆ ಬೀದಿ ಬೀದಿ ಕೂಗಿಕೊಂಡು ತಿರುಗುತ್ತಿದ್ದೆ?"

"ಅಬ್ಬಾ, ಎಂಥ ಬುದ್ಧಿವಂತ! ತವರ ಹಚ್ಚುವವನ ಹೆಂಡತಿ ತವರಿಗೆ ಹೊರಟು ನಿಂತಿದ್ದಾಳೆ. ಹೋಗಪ್ಪಾ, ಇದನ್ನ ಅವಳಿಗೆ ಹೇಳು."

ಹೋಗಿ ಹೇಳಿದ. ಹೆಂಡತಿ ನಿಂತು ಕೇಳಿದಳು. "ಸರಿ, ಮತ್ತೆ ಹಾಕಿಕೋ. ನಿನ್ನನ್ನು ಕಾಯಿಸುತ್ತಾ ನಾನು ಉರಿದಿದ್ದು ಸಾಕು" ಎಂದಳು. ಹೊರಟೇ ಹೋದಳು.

ಅವನು ಅಂದೇ ಬಿಟ್ಟ. ಆಮೇಲೂ ಎರಡು ಸಲ ಬಿದ್ದ. ಬಿದ್ದ ಮರುದಿನವೇ ಎದ್ದು ಮತ್ತೆ ಬಿಟ್ಟ. ಮೂರನೆಯ ವರ್ಷ ಹೆಂಡತಿ ಬಂದಳು. ಬಂದವಳು ಒಂದು ವರ್ಷ ಗಂಟು ಬಿಚ್ಚದೆ ಬಾಗಿಲ ಹಿಂದೆಯೇ ಇಟ್ಟಿದ್ದಳು, ಆಮೇಲೆ ಬಿಚ್ಚಿದಳು. ಆ ಮುದುಕಿ ಅದನ್ನು ನೋಡುವ ಮೊದಲೇ ತೀರಿಕೊಂಡಿದ್ದಳು. ಕಲಾಯಿಯವನು ಹೆಂಡದಂಗಡಿಯ ದಾರಿ ಬಿಟ್ಟು, ಸುತ್ತಿನ ದಾರಿಯಲ್ಲೇ ನಡೆದು ನಡೆದು ಮುದುಕನಾಗಿ ಸತ್ತ.

ಏನೆಂದೆ? ಅವನ ಆಸೆ ಯಾವಾಗ ಸತ್ತಿತು ಎಂದೆಯಾ?

ಅವನು ಸತ್ತ ದಿನವೂ ಅದು ಬದುಕಿಯೇ ಇತ್ತು ಮಗಾ, ಆ ದಿನವೂ ಅವನು ಕುಡಿಯಲಿಲ್ಲ.