ಬಲ್ಲವರ ಸಹಿ

ಸೇಡಂನ ಖಾಸಗಿ ಕಾಲೇಜಿನ ಫೀಸು ಕಟ್ಟಲಾಗದೆ ಭಾಗಮ್ಮ ಬೆಂಗಳೂರಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಕೇಳಿ ಬಂದಳು. ಅಲ್ಲಿನ ಸೂಪರಿಂಟೆಂಡೆಂಟ್ ಪುಟ್ಟಸ್ವಾಮಯ್ಯ ದಿನಾ ಏನಾದರೊಂದು ತಕರಾರು ತೆಗೆದು ವಾಪಸ್ಸು ಕಳಿಸುತ್ತಿದ್ದರು. ಉಳಿದ ಹೊತ್ತು ಅವಳನ್ನು ಮಾತಾಡಿಸಲು ಆ ಊರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಸೇರಲು ಇದ್ದ ಕಡೇ ದಿನ ಅವರು ಗುಡುಗಿದರು: "ಈ ಊರಲ್ಲಿ ನಿನ್ನನ್ನು ಬಲ್ಲವರೊಬ್ಬರ ಸಹಿ ಬೇಕು. ಇಲ್ಲದಿದ್ದರೆ ಸೀಟಿಲ್ಲ!"

ಭಾಗಮ್ಮ ಹೊರಗಿನ ಬೆಂಚಿನಲ್ಲಿ ಕೂತು ಯೋಚಿಸಿದಳು. ಒಂದು ಮುಖವೂ ನೆನಪಾಗಲಿಲ್ಲ. ಎದ್ದು ಬಂದು ಅರ್ಜಿಯನ್ನು ಅವರ ಮುಂದೆಯೇ ಇಟ್ಟಳು.

"ನೀವೇ ಸಹಿ ಮಾಡ್ರಿ ಸರ."

"ನಾನಾ? ನೀನು ನನಗೆ ಹೇಗೆ ಗೊತ್ತು?"

"ನನ್ನ ಹೆಸರೇನ್ರಿ?"

"ಭಾಗಮ್ಮ."

"ಯಾವೂರು?"

"ಸೇಡಂ."

"ನಮ್ಮಪ್ಪ ಏನ್ ಮಾಡ್ತಾನ್ರಿ?"

"ಕಲ್ಲಿನ ಗಣೀಲಿ ಕೆಲಸ. ದಿನಾ ಹೇಳ್ತೀಯಲ್ಲಮ್ಮ!"

"ಈ ಊರಾಗ ನನ್ನ ಇಷ್ಟು ಬಲ್ಲವರು ಇನ್ನೊಬ್ಬರಿಲ್ರಿ ಸರ."

ಪುಟ್ಟಸ್ವಾಮಯ್ಯ ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಸಹಿ ಹಾಕಿ, ಸೀಟಿನ ಮುದ್ರೆಯನ್ನೂ ಒತ್ತಿದರು.

ಮೆಟ್ಟಿಲಿಳಿದ ಭಾಗಮ್ಮನಿಗೆ ಯಾರಿಗಾದರೂ ಹೇಳಬೇಕೆನಿಸಿತು. ಗಣಿಯಲ್ಲಿದ್ದ ಅಪ್ಪ ಫೋನು ಎತ್ತಲಿಲ್ಲ. ಸುತ್ತ ಓಡಾಡುವವರೆಲ್ಲ ಅಪರಿಚಿತರೇ. ಅವಳು ತಿರುಗಿ ಒಳಗೆ ಬಂದಳು.

"ಸರ, ನನಗ ಸೀಟು ಸಿಕ್ತು."

"ಕೊಟ್ಟವನೇ ನಾನಲ್ಲವೇನಮ್ಮ?"

"ಹೌದ್ರಿ. ಆದ್ರೂ ಯಾರಿಗರೆ ಹೇಳಬೇಕನಿಸ್ತು."

ಪುಟ್ಟಸ್ವಾಮಯ್ಯ ಅವಳ ಮುಖವನ್ನೇ ನೋಡಿದರು. ಆಮೇಲೆ, ಮೊದಲ ಸಲ, ಎದುರಿನ ಕುರ್ಚಿ ತೋರಿಸಿದರು.