ಕೀಚಿಯ ಕರಿ ರೆಕ್ಕೆ

ಕಡಲಿಗೆ ಆಗಷ್ಟೇ ಉಪ್ಪು ಹಾಕಿದ್ದರು, ಇನ್ನೂ ಸರಿಯಾಗಿ ಕಲಕಿರಲಿಲ್ಲ. ಅಷ್ಟು ಹಳೆಯ ಕಾಲದ ಮಾತು. ಆಗ ಕಡಲಹಕ್ಕಿಗಳೆಲ್ಲ ಬೆಳ್ಳಗಿದ್ದವು. ಹಾರುವಾಗ ಕೂಗಬಾರದೆಂಬ ಕಟ್ಟಳೆಯೂ ಇತ್ತು.

ಹಕ್ಕಿಗಳ ಬಂಡೆಯನ್ನು ಕಾಯುತ್ತಿದ್ದವನು ಬೊಕ್ಕಜ್ಜ. ಹಕ್ಕಿಗೆ ಹಲ್ಲೆಲ್ಲಿಯದು, ಬೊಕ್ಕನಾಗಲಿಕ್ಕೆ ಎಂದು ಕೇಳಬೇಡಿ, ಹೆಸರು ಹಾಗೇ ಬಂದಿತ್ತು. ಮೀನು ಹಿಡಿದು ಬಂದವರಿಗೆಲ್ಲ ಅವನದು ಒಂದೇ ಮಾತು: "ಬಾಯಿ ಮುಚ್ಚು, ರೆಕ್ಕೆ ಬಿಚ್ಚು!" ರೆಕ್ಕೆ ಬೆಳ್ಳಗಿದ್ದರೆ ಒಳಗೆ. ಇಲ್ಲದಿದ್ದರೆ ತಲೆಗೊಂದು ಕುಕ್ಕು.

ಆ ವರ್ಷ ನೊರೆಯಮ್ಮನಿಗೆ ಒಂದು ಮರಿ ಹುಟ್ಟಿತು. ಹೆಸರು ಕೀಚಿ. ಅದರ ಬಲರೆಕ್ಕೆ ಕಾವಲಿಯ ತಳದಷ್ಟು ಕಪ್ಪು! ಯಾಕೆ ಹಾಗಾಯಿತೋ, ಹೆತ್ತವಳಿಗೂ ಗೊತ್ತಿಲ್ಲ. ನೊರೆಯಮ್ಮ ಮರಿಯನ್ನು ಹೊಟ್ಟೆಯಡಿ ಮುಚ್ಚಿಟ್ಟು ಸಾಕಿದಳು. ಅದರ ಕೂಗನ್ನು ಮಾತ್ರ ಮುಚ್ಚಿಡಲು ಆಗಲಿಲ್ಲ. ಕ್ರೀ, ಕ್ರೀ, ಕ್ರಾ! ಕೊನೆಯಲ್ಲಿ ದನಿ ಒಡೆಯುತ್ತಿತ್ತು.

"ಅಮ್ಮನದೇ ಒಡಕು ಗಂಟಲು," ಎಂದು ಬೊಕ್ಕಜ್ಜ ದೂರದಿಂದಲೇ ನಗುತ್ತಿದ್ದ.

ಕೀಚಿ ಮೊದಲ ಸಲ ಅಮ್ಮನ ಜೊತೆ ಕಡಲಿಗೆ ಹೋದಳು. ಅಮ್ಮನಿಗಿಂತ ಮುಂಚೆ ಮರಳಿದಳು. ರೆಕ್ಕೆ ಬಿಚ್ಚಿದ್ದೇ ತಡ, ಬೊಕ್ಕಜ್ಜ ಎಗರಿ ಬಂದ.

"ಕರಿ ರೆಕ್ಕೆ ನಮ್ಮದಲ್ಲ!"

"ಅಜ್ಜಾ, ನಾನು..."

"ಬಾಯಿ ಮುಚ್ಚು!" ಕುಕ್ಕಿಯೇಬಿಟ್ಟ.

ಕೀಚಿಗೆ ಅಳು ಬಂತು. ಆದರೆ ದೂರ ಹೋಗಲಿಲ್ಲ. ಬಂಡೆಯನ್ನೇ ಸುತ್ತಿದಳು, ಮತ್ತೆ ಸುತ್ತಿದಳು.

ಗಾಳಿಗೆ ಕನಿಕರ ಹುಟ್ಟಿತು. "ಎಂತಕ್ಕೆ ಈ ಹಟ, ಮಾರಾಯ್ತಿ? ರೆಕ್ಕೆ ಸೋತರೆ ನೀರಿಗೆ ಬೀಳ್ತಿ. ಬೇರೆ ಬಂಡೆ ಇಲ್ವಾ?"

"ಬೇರೆ ಬಂಡೆಗೆ ನನ್ನ ಅಮ್ಮ ಬರುವುದಿಲ್ಲ," ಎಂದಳು ಕೀಚಿ. ಮತ್ತೆ ಸುತ್ತಿದಳು.

ಅಷ್ಟರಲ್ಲಿ ಮಂಜು ಕವಿಯಿತು. ಬಂಡೆ ಕಾಣದು, ನೀರು ಕಾಣದು. ಬೊಕ್ಕಜ್ಜನಿಗೆ ತನ್ನ ಕೊಕ್ಕಿನ ತುದಿಯೂ ಕಾಣದು. ಕಡಲಿಗೆ ಹೋದವರೆಲ್ಲ ದಾರಿ ತಪ್ಪಿ ಸುಮ್ಮನೆ ಅಲೆಯುತ್ತಿದ್ದರು. ಕೂಗಬಾರದಲ್ಲ!

ಕೀಚಿಯ ರೆಕ್ಕೆ ಸೋಲುತ್ತಿತ್ತು. ಅಮ್ಮನೂ ಆ ಮಂಜಿನಲ್ಲೇ ಎಲ್ಲೋ ಇದ್ದಳು. ಕಟ್ಟಳೆ ಹಾಳಾಗಲಿ ಎಂದುಕೊಂಡು ಕೀಚಿ ಬಾಯಿ ತೆರೆದಳು.

ಕ್ರೀ, ಕ್ರೀ, ಕ್ರಾ!

"ಓ, ಒಡಕು ಗಂಟಲು!" ಎಂದ ಬೊಕ್ಕಜ್ಜ. "ನೊರೆಯಮ್ಮನ ಮಗಳು, ನಮ್ಮದೇ ಹುಡುಗಿ. ಇತ್ತ ಬಾ ಮಗಾ, ನನ್ನ ದನಿ ಹಿಡಿದು ಬಾ."

ಕೀಚಿ ಬಂದು ಅವನ ಮಗ್ಗುಲಲ್ಲಿ ಕುಸಿದಳು. ಕುಸಿದರೂ ಕೂಗು ನಿಲ್ಲಿಸಲಿಲ್ಲ. ಮಂಜಿನಾಚೆಯಿಂದ ಅಂಥದೇ ಒಡಕು ದನಿ ಓಗೊಟ್ಟಿತು. ಆಮೇಲೆ ಇನ್ನೊಂದು ದನಿ, ಮತ್ತೊಂದು. ಎಲ್ಲರೂ ಕೂಗಿದರು, ಎಲ್ಲರೂ ಬಂದು ಸೇರಿದರು. ಎಲ್ಲರಿಗಿಂತ ಮೊದಲು ಬಂದವಳು ನೊರೆಯಮ್ಮ.

ಮಂಜು ಹರಿಯಿತು. ಬೊಕ್ಕಜ್ಜ ನೋಡುತ್ತಾನೆ, ತನ್ನ ಬಿಳಿ ರೆಕ್ಕೆಯಡಿ ಒಂದು ಕರಿ ರೆಕ್ಕೆ! ಕುಕ್ಕಲು ಕೊಕ್ಕೆತ್ತಿದವನು ಹಾಗೇ ನಿಂತ. ನಮ್ಮದೇ ಹುಡುಗಿ ಎಂದವನು ತಾನೇ ಅಲ್ಲವೇ?

"ತಪ್ಪಾಯ್ತು ಮಗಾ," ಎಂದ. ಕುಕ್ಕಿದ ಜಾಗವನ್ನು ಕೊಕ್ಕಿನಿಂದ ಮೆಲ್ಲಗೆ ಸವರಿದ. "ಇನ್ನು ಮುಂದೆ ಎಲ್ಲರಿಗೂ ಒಂದೇ ಮಾತು: ಮೊದಲು ಕೂಗು, ಆಮೇಲೆ ಕೂರು."

ಅದಕ್ಕೇ ಇವತ್ತಿಗೂ ಕಡಲಹಕ್ಕಿಗಳು ಮನೆಗೆ ಮರಳುವಾಗ ಅಷ್ಟೊಂದು ಗಲಾಟೆ ಮಾಡುತ್ತವೆ. ಸಾವಿರ ಬಿಳಿ ಹಕ್ಕಿಗಳ ನಡುವೆ ಎಂದಾದರೂ ಒಂದು ಕರಿ ರೆಕ್ಕೆ ಕಂಡರೆ, ಅದನ್ನು ತಿರುಗಿ ತಿರುಗಿ ನೋಡುವವರು ದಡದಲ್ಲಿ ನಿಂತ ನಾವು ಮಾತ್ರ.