ಕಾವಲುಕಣಗಳು ಕಿವಿ ಮಂದ ಮಾಡಿಕೊಂಡದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಆಗ ಒಂದು ಹೊಳೆಯ ದಂಡೆಯಲ್ಲಿ ಜಕ್ಕಿ ಎಂಬ ತಾಯಿ ಇದ್ದಳು. ಅವಳ ಮಡಿಲಲ್ಲಿ ಹಾಲು ಕುಡಿಯುವ ಕೂಸಿತ್ತು.

ಜಕ್ಕಿಯ ಮೈಯೊಳಗೂ ಒಂದು ಹೊಳೆ ಹರಿಯುತ್ತಿತ್ತು. ಅದು ನೆತ್ತರ ಹೊಳೆ. ಅದರಲ್ಲಿ ಕಾವಲುಕಣಗಳು ತಿರುಗಾಡುತ್ತಿದ್ದವು. ಕಣ್ಣಿಗೆ ಕಾಣದಷ್ಟು ಚಿಕ್ಕವು, ಆದರೆ ಎಂಥ ಧೈರ್ಯ ಅವಕ್ಕೆ! ಮೈಯ ಯಾವ ಮೂಲೆಗೆ ವೈರಾಣು ನುಗ್ಗಿದರೂ ಅಲ್ಲಿಂದ ಒಂದು ಕೂಗು ಏಳುತ್ತಿತ್ತು. ಆ ಕೂಗಿಗೆ ಇಂಟರ್‌ಫೆರಾನ್ ಎಂದು ಹೆಸರು. ಅದು ಕಿವಿಗೆ ಬಿದ್ದದ್ದೇ ತಡ, ಕಾವಲುಕಣಗಳು ಎದ್ದೆವೋ ಬಿದ್ದೆವೋ ಎಂದು ಓಡುತ್ತಿದ್ದವು.

ಒಮ್ಮೆ ಗಾಳಿಯ ಜೊತೆ ನೆಗಡಿಯ ವೈರಾಣು ಬಂತು. ಕೂಗು ಎದ್ದಿತು. ಕಣಗಳು ಓಡಿದವು. ಜಕ್ಕಿಯ ಮೈ ಕೆಂಡವಾಯಿತು. ಬೆವರು ಬಂತು, ವೈರಾಣು ಹೋಯಿತು, ಕೂಗೂ ನಿಂತಿತು.

ಆಮೇಲೆ ಬಂದದ್ದು ಬೇರೆ ವೈರಾಣು. ಅದು ಹೋಗಲು ಬಂದದ್ದಲ್ಲ. ಯಕೃತ್ತಿನೊಳಗೆ ಹೊಕ್ಕು ಠಿಕಾಣಿ ಹೂಡಿತು. ಒಂದನ್ನು ಕೊಂದರೆ ಹತ್ತು ಹುಟ್ಟುತ್ತಿದ್ದವು. ಬೆಳಗಾದರೂ ಕೂಗು, ಬೈಗಾದರೂ ಕೂಗು. ಆ ಕಾದಾಟದಲ್ಲಿ ಯಕೃತ್ತಿನ ಸ್ವಂತ ಕಣಗಳೂ ಸಾಯತೊಡಗಿದವು. ಜಕ್ಕಿಯ ಕಣ್ಣು ಅರಿಶಿನದಂತೆ ಹಳದಿಯಾಯಿತು.

"ಒಂದು ಗುಟುಕು ಗಂಜಿನಾದ್ರೂ ಕುಡಿಯೇ ಜಕ್ಕೀ," ಎಂದಳು ಅವಳ ಅಕ್ಕ ಸೂರವ್ವ.

"ಸೇರೋದಿಲ್ಲ ಅಕ್ಕಾ. ಕೂಸನ್ನ ನೀನೇ ಎತ್ಕೋ. ನನ್ನ ಕೈಲಿ ತ್ರಾಣ ಇಲ್ಲ."

ನೆತ್ತರ ಹೊಳೆ ಮರುಗಿತು. "ಮಕ್ಕಳಿರಾ, ನೀವು ಹೀಗೇ ಕಾದಾಡಿದರೆ ವೈರಾಣುವಿಗಿಂತ ಮೊದಲು ಜಕ್ಕಿಯೇ ಸಾಯುತ್ತಾಳೆ" ಎಂದಿತು.

"ಕೂಗು ಕೇಳಿದ ಮೇಲೆ ಸುಮ್ಮನಿರುವುದು ಹೇಗಮ್ಮಾ?" ಎಂದಿತು ಎಲ್ಲಕ್ಕಿಂತ ಹಿರಿಯ ಕಾವಲುಕಣ. "ಅದು ನಮ್ಮ ಹುಟ್ಟುಗುಣ."

"ಹಾಗಾದರೆ ಕಡಿಮೆ ಕೇಳಿಸಿಕೊಳ್ಳಿ."

ಮುನ್ನುಗ್ಗಿ ಕಾದಿ ಸಾಯುವುದು ಹಿರಿಯ ಕಣಕ್ಕೆ ಸುಲಭವಿತ್ತು. ತಡೆದು ನಿಲ್ಲುವುದು ಕಷ್ಟವಿತ್ತು.

"ನಾವು ಕಿವಿ ಮಂದ ಮಾಡಿಕೊಂಡರೆ ಆ ಕಳ್ಳ ಇಲ್ಲೇ ಉಳಿದುಬಿಡುತ್ತಾನೆ. ನಾಳೆ ಇನ್ನೊಬ್ಬ ನುಗ್ಗಿದರೂ ನಾವು ಏಳುವುದು ತಡವಾಗುತ್ತದೆ."

"ಗೊತ್ತಪ್ಪ. ಆದರೆ ಕೂಸಿಗೆ ತಾಯಿ ಉಳಿಯುತ್ತಾಳೆ."

ಹಿರಿಯ ಕಣ ತನ್ನ ಮೈಮೇಲಿನ ಕಿವಿಗಳನ್ನು ಒಂದೊಂದಾಗಿ ಒಳಗೆ ಸೆಳೆದುಕೊಂಡಿತು. ಅದನ್ನು ನೋಡಿ ಉಳಿದವೂ ಸೆಳೆದುಕೊಂಡವು. ಕೂಗು ನಿಲ್ಲಲಿಲ್ಲ, ಆದರೆ ದೂರದ ಊರಿನ ಸದ್ದಿನಂತೆ ಸಣ್ಣಗಾಯಿತು. ಕಾದಾಟ ತಗ್ಗಿತು. ಕಣ್ಣಿನ ಹಳದಿ ಇಳಿಯಿತು.

ಒಂದು ಬೆಳಿಗ್ಗೆ ಜಕ್ಕಿ ಎದ್ದು ಕುಳಿತಳು. "ಅಕ್ಕಾ, ಕೂಸನ್ನ ಇತ್ಲಾಗೆ ಕೊಡು," ಎಂದಳು.

ವೈರಾಣು ಹೋಗಲಿಲ್ಲ. ಮೊದಲಿನ ಕಸುವೂ ಪೂರ್ತಿ ಮರಳಲಿಲ್ಲ. ಆದರೂ ಜಕ್ಕಿ ಬದುಕಿದಳು, ಮೊಮ್ಮಕ್ಕಳ ಮದುವೆಯನ್ನೂ ಕಂಡಳು.

ಅಂದಿನಿಂದ ಎಲ್ಲರ ಮೈಯ ಕಾವಲುಕಣಗಳೂ ವೈರಾಣು ಬೇರೂರಿದರೆ ಕಿವಿ ಮಂದ ಮಾಡಿಕೊಳ್ಳುತ್ತವೆ. ಅದಕ್ಕೇ ಮಗೂ, ನೆಗಡಿ ಬಂದರೆ ನಿನ್ನ ಮೈ ಸುಟ್ಟರೂ ನಾಲ್ಕೇ ದಿನಕ್ಕೆ ನೀನು ಮತ್ತೆ ಕುಣಿಯುತ್ತೀ. ವರ್ಷಗಟ್ಟಲೆ ವೈರಾಣುವನ್ನು ಹೊತ್ತಿರುವ ನಿನ್ನ ಸೋದರಮಾವ ಮಾತ್ರ ಜ್ವರವಿಲ್ಲದೆಯೂ ಬೇಗ ದಣಿಯುತ್ತಾನೆ, ದಿನಾ ಗುಳಿಗೆ ನುಂಗುತ್ತಾನೆ, ಮತ್ತು ಸಂಜೆ ನಿನಗೆ ಕೈತುತ್ತು ಕೊಡಲು ಇನ್ನೂ ನಮ್ಮ ಜೊತೆ ಇದ್ದಾನೆ.